ಗರಿ ಬಲಿಯುವ ತನಕ

“ಕೈ ತಾನಾಗೇ ಏಳಲ್ಲ, ಮಾಸ್. ಎತ್ತಿದ್ದು ಯಾರು ಅಂತ ಕೇಳ್ತಿದೀನಿ.”

ಇಷ್ಟು ಹೇಳಿ ಪಾಕ್ ಯಿತ್ನೊ ಚಹಾ ಲೋಟದ ಮೇಲೆ ಮುಚ್ಚಳ ಇಟ್ಟರು. ನೋಯುವ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ನೀಡಿಕೊಂಡು ಸುಮ್ಮನೆ ಕೂತರು. ಅವರು ಸುಮ್ಮನೆ ಕೂರುವುದೆಂದರೆ ನಾವು ನೀವು ಕೂತಂತಲ್ಲ. ನೀರಿಗೆ ಗಾಳ ಬಿಟ್ಟವರ ಹಾಗೆ, ಸಂಜೆಯಾದರೂ ಆಗಲಿ ಎಂದು ಕೂರುತ್ತಿದ್ದರು. ವಯಸ್ಸಿನಲ್ಲಿ ತಂದೆಯಷ್ಟು ದೊಡ್ಡವರಾದರೂ ಎದುರಿಗೆ ಬಂದ ಗಂಡಸನ್ನೆಲ್ಲ ‘ಮಾಸ್’ ಎಂದು, ಅಣ್ಣ ಎಂದು ಕರೆಯುತ್ತಿದ್ದರು; ಅವರನ್ನು ಮಾತ್ರ ಎಲ್ಲರೂ ‘ಪಾಕ್’, ಅಪ್ಪ ಎನ್ನುತ್ತಿದ್ದರು.

ವಾರ್ಸಿತೊ ಗೋಡೆಯ ಮೇಲಿನ ಹಲ್ಲಿಯನ್ನು ನೋಡಿದ. ತಾನು ಹೇಳಿದ್ದರಲ್ಲಿ ತಪ್ಪೇನೂ ಅವನಿಗೆ ಕಂಡಿರಲಿಲ್ಲ. ‘ಮಾತಿಗೆ ಮಾತು ಬೆಳೀತು, ಕೈ ಎದ್ದುಬಿಡ್ತು’ ಅಂದಿದ್ದ. ಎಲ್ಲರೂ ಹಾಗೇ ಅನ್ನುತ್ತಾರೆ.

“ನನ್ನದೇ ಕೈ, ಪಾಕ್.”

“ಹಾಗಾದ್ರೆ?”

“ನಾನು ಎತ್ತಿದೆ.”

“ಎತ್ತಿ?”

“ಹೊಡೆದೆ. ನನ್ನ ಹೆಂಡತೀನ, ವೆನಿಂಗ್‌ನ ಹೊಡೆದೆ.”

ಪಾಕ್ ಯಿತ್ನೊ ತಲೆಯಾಡಿಸಿದರು. ಕುರ್ಚಿಯಲ್ಲಿ ಕೂದಲೆಳೆಯಷ್ಟು ಮುಂದಕ್ಕೆ ಬಾಗಿದರು. ಬೇರೆ ಯಾರಾಗಿದ್ದರೂ ಅದನ್ನು ಗಮನಿಸುತ್ತಿರಲಿಲ್ಲ. ಆದರೆ ವಾರ್ಸಿತೊ ಹಕ್ಕಿ ಪಳಗಿಸಿ ಹೊಟ್ಟೆ ಹೊರೆಯುವವನು. ಹೊಸ ಹಕ್ಕಿ ಮೊದಲ ಸಲ ಕೈಯಿಂದ ಮಿಡತೆ ತೆಗೆದುಕೊಳ್ಳುವ ಮುಂಚೆ ಇಷ್ಟೇ, ಇಷ್ಟೇ ಕತ್ತು ಚಾಚುತ್ತದೆ. ಓ, ಇವರ ಮೇವು ಇದು ಅಂದುಕೊಂಡ. ಆ ಕೇಂದ್ರಕ್ಕೆ ಅವನು ಬಂದದ್ದು ಆಗ ಎರಡನೇ ಸಲವಷ್ಟೆ.

ಜೋಗ್ಜಾ ನಗರದ ದಕ್ಷಿಣದ ಗಲ್ಲಿಯೊಂದರಲ್ಲಿ, ಮಾವಿನ ಮರದ ಕೆಳಗಿನ ಹಳೇ ಮನೆಯಲ್ಲಿತ್ತು ಆ ಕೇಂದ್ರ. ಮುಂದಿನ ಕೋಣೆಗಳು ಏಟು ತಿಂದ ಹೆಂಗಸರಿಗೆ. ಹಿಂದಿನ ಒಂದು ಕೋಣೆ, ಏಟು ಹಾಕಿದ ಗಂಡಸರಿಗೆ. ಗಂಡಸರು ಹಿತ್ತಿಲ ಗೇಟಿನಿಂದಲೇ ಬರಬೇಕು, ಹಾಗೇ ಹೋಗಬೇಕು. ಮೊದಲ ದಿನ ಹೆಂಗಸರ ಕಡೆಯನ್ನು ನೋಡಿಕೊಳ್ಳುವ ಬು ಹಾರ್ನಿ, ಎಂದರೆ ಹಾರ್ನಿ ಅಮ್ಮ, ನಿಂತುಕೊಂಡೇ ಹೇಳಿದ್ದಳು: “ವೆನಿಂಗ್ ಎಲ್ಲಿದಾಳೆ ಅಂತ ನಾವು ಹೇಳಲ್ಲ, ನೀವೂ ಹುಡುಕೋದು ಬೇಡ. ವಾರಕ್ಕೊಂದು ಸಲ ಬಂದು ಪಾಕ್ ಯಿತ್ನೊ ಮುಂದೆ ಕೂತ್ಕೊಳ್ಳಿ. ಅವರು ಆಯ್ತು ಅಂದ್ಮೇಲೆ, ಅವಳಿಗೂ ಮನಸ್ಸು ಬಂದ್ರೆ, ಇಲ್ಲೇ ಮುಖಾಮುಖಿ ಕೂರಿಸ್ತೀವಿ.”

“ಮನಸ್ಸು ಬರದಿದ್ರೆ, ಬು?”

“ಬರದಿದ್ರೆ ಚಹಾ ಕುಡ್ಕೊಂಡು ಹೋಗಿ. ಚಹಾ ಚೆನ್ನಾಗಿರುತ್ತೆ.”

ವೆನಿಂಗ್ ಮನೆ ಬಿಟ್ಟು ಹೋದದ್ದನ್ನಾದರೂ ಅವನು ನುಂಗಿಕೊಳ್ಳುತ್ತಿದ್ದನೇನೋ. ಅವಳು ಆಡಿದ ಒಂದು ಮಾತು ಮಾತ್ರ ಗಂಟಲಲ್ಲಿ ನಿಂತಿತ್ತು. ಹೋಗುವ ಹಿಂದಿನ ದಿನ, ಬೀದಿಯ ಮುಖಂಡನ ಮನೆಯಲ್ಲಿ ಗಲ್ಲಿಯ ಅರ್ಧ ಜನ ಚಾಪೆಯ ಮೇಲೆ ಕೂತಿದ್ದಾಗ, ಅವಳನ್ನು ಕೇಳಿದರು: ಏನಮ್ಮ, ಸರಿಹೋಗಬಾರದಾ? ಅವಳು ಅಳಲಿಲ್ಲ, ಕೆನ್ನೆ ತೋರಿಸಲಿಲ್ಲ. ಹಿರಿಯರ ಮುಂದೆ ಆಡುವ ಮೆತ್ತನೆಯ ದನಿಯಲ್ಲಿ, ತಲೆಯೆತ್ತದೆ ಹೇಳಿದಳು: “ಇವರ ಗಾಡಿ ಸದ್ದು ಗಲ್ಲಿ ತುದೀಲಿ ಕೇಳಿದ್ರೆ ಸಾಕು, ನಂಗೆ ಹೊಟ್ಟೆ ತೊಳಸುತ್ತೆ.”

ಅಷ್ಟೇ. ಯಾರೂ ಅವನನ್ನು ಬೈಯಲಿಲ್ಲ. ಬೈಯುವುದು ಆ ಊರಿನ ರೀತಿಯಲ್ಲ. ಮಾರನೆಯ ದಿನವೂ ಎಲ್ಲರೂ ನಕ್ಕರು, ‘ಎಲ್ಲಿಗೆ ಹೊರಟ್ರಿ, ಮಾಸ್’ ಅಂದರು. ಆದರೆ ಅವನು ಗಾಡಿ ಸದ್ದು ಮಾಡಿಕೊಂಡು ಬಂದಾಗಲೆಲ್ಲ ಪಕ್ಕದ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ ಅಂತ ಅವನಿಗೆ ಗೊತ್ತಾಗುತ್ತಿತ್ತು. ಯಾರ ಮನೆಯಲ್ಲಿ ಹಿರಿಯರ ಹೆಸರಿನ ಊಟವಾದರೂ ಮೊದಲು ಒಳಗೆ ಬಂದು ಕೂತು ಬುತ್ತಿ ಕೊಟ್ಟು ಹೋಗುತ್ತಿದ್ದರು. ಈಗ ಬುತ್ತಿ ಗೇಟಿಗೆ ನೇತಾಡುತ್ತಿತ್ತು. ಗಲ್ಲಿ ಕಾವಲಿನ ಪಾಳಿಯಿಂದ ಅವನ ಹೆಸರು ತಾನಾಗಿ ಬಿದ್ದುಹೋಗಿತ್ತು. ‘ನಿಮಗೆ ಯಾಕೆ ತೊಂದರೆ ಅಂತ’ ಎಂದರು, ನಗುತ್ತಲೇ. ಸಂಜೆ ಪ್ರತಿ ಮನೆಯವರೂ ಕಾವಲಿನವರಿಗಾಗಿ ಗೋಡೆಯ ಮೊಳೆಗೆ ತೂಗಿಸುವ ಪುಟ್ಟ ಡಬ್ಬಿಗೆ ಅವನೂ ಒಂದು ಹಿಡಿ ಅಕ್ಕಿ ಹಾಕುತ್ತಿದ್ದ. ಬೆಳಿಗ್ಗೆ ಡಬ್ಬಿ ಖಾಲಿಯಾಗಿರುತ್ತಿತ್ತು. ಆ ಗಲ್ಲಿ ಅವನ ಕೈಯಿಂದ ತೆಗೆದುಕೊಳ್ಳುತ್ತಿದ್ದದ್ದು ಅದೊಂದನ್ನೇ.

ಅವನು ಬಾಯಿ ತುಂಬ ಮಾತಾಡುತ್ತಿದ್ದದ್ದು ಹಕ್ಕಿ ಸಂತೆಯಲ್ಲಿ ಮಾತ್ರ. ಮುರಾಯ್ ಹಕ್ಕಿಗೆ ದನಿ ಕಲಿಸುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಕಪ್ಪು ತಲೆ, ಇಟ್ಟಿಗೆ ಬಣ್ಣದ ಎದೆ, ಗೇಣುದ್ದ ಬಾಲದ ಆ ಹಕ್ಕಿ ಬೇರೆ ಹಕ್ಕಿಗಳ ದನಿ ಕದ್ದು ತನ್ನ ಹಾಡಿಗೆ ಪೋಣಿಸಿಕೊಳ್ಳುತ್ತದೆ. ಎಷ್ಟು ದನಿ ಪೋಣಿಸಿದರೆ ಪಂದ್ಯದಲ್ಲಿ ಅಷ್ಟು ಹೆಸರು. ಒಂದು ದಿನ ಲಾರಿ ಓಡಿಸುವವನೊಬ್ಬ ಗೂಡು ಹೊತ್ತು ತಂದು ಜಗಳಕ್ಕೆ ನಿಂತ. “ಏನ್ ಕಲ್ಸಿದ್ರಿ ಮಾರಾಯ್ರೇ? ಪಂದ್ಯದ ಮಧ್ಯೆ ಮಿಯಾಂವ್ ಅಂತು. ಮೈದಾನವೆಲ್ಲ ನಕ್ಕಿತು.”

“ನಾನು ಕಲ್ಸಿಲ್ಲ, ನಿಮ್ಮನೆ ಬೆಕ್ಕು ಕಲ್ಸಿದೆ. ಗರಿ ಉದುರ್ತಿದ್ದಾಗ ಎಲ್ಲಿಟ್ಟಿದ್ರಿ?”

“ಅಡಿಗೆಮನೇಲಿ.”

“ಸರಿಹೋಯ್ತು. ಗರಿ ಉದುರೋವಾಗ ಅದು ಹಾಡಲ್ಲ, ಕೇಳ್ತಾ ಕೂರುತ್ತೆ. ದಿನಾ ಏನು ಕಿವಿಗೆ ಬೀಳುತ್ತೋ ಅದನ್ನೇ ಹೊಸ ಗರಿ ಬಂದ್ಮೇಲೆ ಹಾಡೋದು. ಒಂದೆರಡು ಸಲ ಕೇಳಿದ್ದಕ್ಕೆ ಕಲಿಯೋ ಜಾತಿ ಅಲ್ಲ ಇದು. ಬೆಕ್ಕು ನಿಮ್ಮ ಹೆಂಡತಿಗಿಂತ ಹೆಚ್ಚು ಮಾತಾಡಿರ್ಬೇಕು.”

“ಅಯ್ಯೋ, ಅವಳಿಗಿಂತ ಹೆಚ್ಚು ಮಾತಾಡೋ ಬೆಕ್ಕು ಇನ್ನೂ ಹುಟ್ಟಿಲ್ಲ ಬಿಡಿ.”

ಸುತ್ತ ನಿಂತವರೆಲ್ಲ ನಕ್ಕರು. ವಾರ್ಸಿತೊನೂ ನಕ್ಕ. ಸಂತೆ ಮುಗಿದು ಮನೆಗೆ ಬಂದು ಬೀಗ ತೆಗೆದಾಗ ಆ ನಗು ಇನ್ನೂ ಬಾಯಲ್ಲೇ ಇತ್ತು. ತೋರಿಸಲು ಒಳಗೆ ಯಾರೂ ಇರಲಿಲ್ಲ.

ಮೊದಮೊದಲು ಅವಳಿರುವ ಜಾಗ ಪತ್ತೆ ಮಾಡುವುದಷ್ಟೇ ಅವನ ತಲೆಯಲ್ಲಿದ್ದದ್ದು. ಪಾಕ್ ಯಿತ್ನೊ ಕೂದಲೆಳೆಯಷ್ಟು ಮುಂದೆ ಬಾಗಿದ ದಿನ ಅದು ತೀರಾ ಕೀಳು ಯೋಚನೆ ಅನಿಸಿತು. ಹುಡುಕುವುದು ಯಾಕೆ? ಇವರೇ ತಂದು ಕೂರಿಸುತ್ತಾರೆ. ವೆನಿಂಗ್ ತನ್ನ ಕಾಲ ಮೇಲೆ ತಾನೇ ನಡೆದು, ಗಲ್ಲಿಯ ತುದಿಯಿಂದ ಎಲ್ಲರ ಕಣ್ಣೆದುರು ಮನೆಗೆ ಬರುತ್ತಾಳೆ. ಕೆಲವು ತಿಂಗಳು ಅವನು ಬೆಣ್ಣೆಯಂತಿರುತ್ತಾನೆ. ಗೇಟಿಗೆ ನೇತಾಡುವ ಬುತ್ತಿ ಮತ್ತೆ ಒಳಗೆ ಬರುತ್ತದೆ. ಹಬ್ಬಕ್ಕೆ, ಊರ ರೂಢಿಯಂತೆ, ಇಬ್ಬರೂ ಹೊಸ ಬಟ್ಟೆ ತೊಟ್ಟು ಮನೆಮನೆಗೆ ಹೋಗಿ ತಪ್ಪಾಯಿತೆಂದು ಕೈಮುಗಿದು ಬರುತ್ತಾರೆ. ಆಮೇಲೆ, ಬಾವಿ.

ಹಿತ್ತಿಲ ಬಾವಿ ಅವನ ಅಜ್ಜ ತೋಡಿಸಿದ್ದು. ಕಟ್ಟೆ ಮೊಣಕಾಲೆತ್ತರ. ನೀರು ಸೇದುವ ಕಡೆಯ ಇಟ್ಟಿಗೆಗಳು ಸಡಿಲ, ಸುತ್ತಲ ಕಲ್ಲು ಪಾಚಿಗಟ್ಟಿ ಮೀನಿನ ಮೈಯಂತೆ ಜಾರುತ್ತಿತ್ತು. ಸರಿ ಮಾಡಿಸಿ, ಸರಿ ಮಾಡಿಸಿ ಎಂದು ವೆನಿಂಗ್ ವರ್ಷಗಟ್ಟಲೆ ಅಂದಿದ್ದಳು. ಅದೂ ಗಲ್ಲಿಗೆಲ್ಲ ಗೊತ್ತಿತ್ತು, ಅದೂ ಒಳ್ಳೆಯದೇ. ಬೆಳಗಿನ ಪ್ರಾರ್ಥನೆಗೆ ಮುಂಚೆ ಕೈಕಾಲು ತೊಳೆಯಲು ಅವಳು ಬಾವಿಗೆ ಹೋಗುತ್ತಾಳೆ. ಪಂಪು ಕೆಟ್ಟಿರುತ್ತದೆ. ಇಷ್ಟು ಸಾಕು, ಉಳಿದದ್ದು ಒಂದು ಅಂಗೈಯ ಕೆಲಸ.

ಪೊಲೀಸರು ಬಂದೇ ಬರುತ್ತಾರೆ. ಹೊಡೆಯುತ್ತಿದ್ದ ಗಂಡ ಎಂದು ಕೇಳಿಯೇ ಕೇಳುತ್ತಾರೆ. ಆಗ ಎದ್ದು ನಿಲ್ಲುವವರು ಪಾಕ್ ಯಿತ್ನೊ. ನೋಯುವ ಕಾಲು ಎಳೆದುಕೊಂಡು ಠಾಣೆಗೆ ಹೋಗಿ, ‘ಆ ಮನುಷ್ಯನ ಒಳಗು ನಂಗೊತ್ತು, ವಾರವಾರ ನನ್ನೆದುರು ಕೂತು ಬದಲಾದವನು’ ಎನ್ನುತ್ತಾರೆ. ಮಣ್ಣು ಮಾಡುವ ದಿನ ಅವನಿಗಿಂತ ಮೊದಲು ಅವರೇ ಕಣ್ಣೊರೆಸಿಕೊಳ್ಳುತ್ತಾರೆ. ಇಂಥ ಸಾಕ್ಷಿ ಯಾವ ಕೊಲೆಗಾರನಿಗೆ ಸಿಕ್ಕೀತು? ಅವನು ಮಾಡಬೇಕಾದದ್ದು ಇಷ್ಟೇ, ಆ ಮುದುಕನನ್ನು ಪಳಗಿಸಬೇಕು.

ಅದು ಅವನಿಗೆ ಗೊತ್ತಿದ್ದ ಕಸುಬು. ಮಿಡತೆಯನ್ನು ಒಮ್ಮೆಲೇ ಸುರಿಯಬಾರದು, ಹಕ್ಕಿ ಕೊಬ್ಬುತ್ತದೆ, ಅನುಮಾನವೂ ಪಡುತ್ತದೆ. ಒಂದು ವಾರಕ್ಕೆ ಒಂದು ತಪ್ಪೊಪ್ಪಿಗೆ. ಒಂದು ವಾರ, ಅವಳ ಅಮ್ಮನ ಎದುರು ಬಿಸಿ ಸಾರಿನ ಪಾತ್ರೆ ಎಸೆದದ್ದು. ಇನ್ನೊಂದು ವಾರ, ಅವಳ ಫೋನು ಕಸಿದು ಬಾವಿಗೆ ಹಾಕಿದ್ದು. ನಡುವೆ ಒಂದು ವಾರ ಹಟ ಮಾಡಿ, ‘ಅವಳದೂ ತಪ್ಪಿತ್ತು’ ಎಂದು ಮುಖ ತಿರುಗಿಸಿ ಕೂತ. ಒಂದೇ ಸಮ ಒಳ್ಳೆಯವನಾಗುತ್ತ ಹೋಗುವವನನ್ನು ಯಾರೂ ನಂಬುವುದಿಲ್ಲ. ಆ ವಾರ ಪಾಕ್ ಯಿತ್ನೊ ಬೇಸರಪಟ್ಟುಕೊಂಡದ್ದು ನೋಡಿ ಅವನಿಗೆ ಒಳಗೊಳಗೇ ಖುಷಿಯಾಯಿತು.

ಒಂದನ್ನು ಮಾತ್ರ ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೂತ ಕೂಡಲೇ ಪಾಕ್ ಯಿತ್ನೊ, “ಬೆಳಿಗ್ಗೆ ಏನು ತಿಂದ್ರಿ, ಮಾಸ್?” ಎಂದು ಕೇಳುತ್ತಿದ್ದರು. ಕೇಳಿ ಉತ್ತರಕ್ಕೆ ಕಾಯುತ್ತಿದ್ದರು. ಆ ಊರಿನಲ್ಲಿ ಅವನು ತಿಂದನೋ ಬಿಟ್ಟನೋ ಎಂದು ಕೇಳಿ ಕಾಯುವವರು ಬೇರೆ ಯಾರೂ ಇರಲಿಲ್ಲ. ಭೇಟಿಯ ದಿನ ಬೆಳಿಗ್ಗೆ ಅವನು ಹೇಳಿಕೊಳ್ಳಲು ಯೋಗ್ಯವಾದದ್ದೇನಾದರೂ ತಿಂದು ಬರತೊಡಗಿದ. ತೆಂಗಿನ ಹಾಲಿನ ಅನ್ನ, ಹುರಿದ ತೆಂಪೆ ಎಂಬ ಸೋಯಾ ಬಿಲ್ಲೆ, ಗಲ್ಲಿಯಾಚೆಯ ಹೆಂಗಸು ಮಾಡುವ ಎಳೆ ಹಲಸಿನ ಪಲ್ಯ. ಇದೂ ಉಪಾಯದ ಒಂದು ಭಾಗ ಎಂದು ತನಗೆ ತಾನೇ ಹೇಳಿಕೊಂಡ.

ಅಂಥ ಒಂದು ದಿನ ಅವರು ಕೇಳಿದರು: “ಮೊದಲು ಹಕ್ಕಿ ಸಾಕಿದ್ದು ಯಾವಾಗ?”

ಅದು ಅವನು ಸಿದ್ಧ ಮಾಡಿಕೊಂಡು ಬಂದ ಮೇವಲ್ಲ. ಆದರೂ ಹೇಳಿದ. ಚಿಕ್ಕವನಿದ್ದಾಗ ಒಂದು ಬೆಳವದ ಹಕ್ಕಿ ಇತ್ತು, ಪಾಕ್. ಅಪ್ಪ ಮಧ್ಯಾಹ್ನ ಮಲಗಿದ್ದರು. ಅದು ಕೂಗಿತು. ಅಪ್ಪ ಎದ್ದು ಬಂದು ಗೂಡನ್ನು ನೆಲಕ್ಕಿಟ್ಟರು. ನಿಧಾನಕ್ಕೆ ಇಟ್ಟರು. ಆಮೇಲೆ ತುಳಿದರು.

“ನೀವು?”

“ನಾನು ಅಲ್ಲೇ ಇದ್ದೆ.”

“ಆಮೇಲೆ?”

“ಆಮೇಲೆ ಏನಿಲ್ಲ. ಗುಡಿಸಿದೆ.”

ಆ ‘ಗುಡಿಸಿದೆ’ ಎಂಬ ಮಾತಿನ ಬೆನ್ನಿಗೆ ಅವನ ಎದೆಯಿಂದ ಏನೋ ಒಂದು ಹೊರಬಂತು. ಎಣ್ಣೆ ಕಾಣದ ರಾಟೆ ಎರಡು ಸಲ ಕಿರುಗುಟ್ಟಿದ ಹಾಗೆ ಎರಡು ಬಿಕ್ಕು. ಆಮೇಲೆ ಉಸಿರು ಒಳಗೆ ಸಿಕ್ಕಿಕೊಂಡು ಸಣ್ಣಗೆ, ತೆಳ್ಳಗೆ ಎಳೆದ ಒಂದು ದನಿ. ಅವನೇ ಬೆಚ್ಚಿಬಿದ್ದ. ಪಾಕ್ ಯಿತ್ನೊ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಬಹಳ ಹೊತ್ತು ಒರೆಸಿದರು. ಕೊನೆಗೆ ಅಂದರು: “ಆ ಹುಡುಗನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದು ಒಳ್ಳೇದಾಯ್ತು, ಮಾಸ್. ಒಬ್ಬನೇ ಇದ್ದ ಅನ್ಸುತ್ತೆ ಪಾಪ.”

ಮನೆಗೆ ಹೋಗುವಾಗ ಅವನಿಗೆ ನಾಚಿಕೆಯಾಯಿತು, ಸಿಟ್ಟು ಬಂತು. ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ನೀರು ನೋಡಿದ. ಒಂದು ಗಳಿಗೆ, ಒಂದೇ ಗಳಿಗೆ, ಬಾವಿಯ ಯೋಚನೆ ತಲೆಯಲ್ಲಿರಲಿಲ್ಲ. ಆಮೇಲೆ ಕಸುಬುದಾರ ಎಚ್ಚೆತ್ತ. ಒರೆಸಿಕೊಳ್ಳುತ್ತಿದ್ದ ಕನ್ನಡಕ ಕಣ್ಣಿಗೆ ಕಟ್ಟಿತು. ಮಾತಿಗೆ ಬಾಗದವರೂ ಈ ದನಿಗೆ ಬಾಗುತ್ತಾರೆ. ವೆನಿಂಗ್ ಅವನು ಅತ್ತದ್ದನ್ನು ನೋಡಿದವಳೇ ಅಲ್ಲ. ಮುಖಾಮುಖಿಯ ದಿನ ಇದು ಬೇಕು. ಇದೇ, ಹೀಗೇ ಬೇಕು.

ಒಳಕೋಣೆಯಲ್ಲಿ ವೆನಿಂಗ್‌ಳ ಕನ್ನಡಿಯಿತ್ತು. ಮನೆಯಲ್ಲಿ ಇದ್ದ ಕನ್ನಡಿ ಅದೊಂದೇ. ಸಂಜೆಯ ಮಗ್ರಿಬ್ ಪ್ರಾರ್ಥನೆಯ ಕೂಗು ಮುಗಿದ ಮೇಲೆ ಅವನು ಬಾಗಿಲು ಮುಂದೆ ಮಾಡಿ ಅದರೆದುರು ಕೂರುತ್ತಿದ್ದ. ಮೊದಮೊದಲು ಬಂದದ್ದು ಕೆಮ್ಮು. ಆಮೇಲೆ ಬಿಕ್ಕಳಿಕೆ. ಅವನಿಗೆ ಬೇಸರವಾಗಲಿಲ್ಲ. ಒಂದು ದನಿಯನ್ನು ಬಿಡಿಸಿ, ತುಂಡು ಮಾಡಿ, ಮತ್ತೆ ಜೋಡಿಸುವುದರಲ್ಲೇ ಅವನ ಜೀವಮಾನ ಕಳೆದಿತ್ತು. ಮೊದಲು ಎರಡು ಬಿಕ್ಕು ಸರಿಯಾದವು. ಆಮೇಲೆ ಉಸಿರು ಸಿಕ್ಕಿಕೊಳ್ಳುವುದು. ಕೊನೆಯ ಆ ತೆಳ್ಳನೆ ಎಳೆತ ಬಹಳ ದಿನ ಕಾಡಿಸಿತು. ಅದು ಕೂಡಿಬಂದ ಸಂಜೆ ಅಭ್ಯಾಸಬಲದಿಂದ, ಹಕ್ಕಿ ಸರಿಯಾಗಿ ಕೂಗಿದಾಗ ಶಹಬ್ಬಾಸ್ ಅನ್ನಲು ಮಾಡುವ ಹಾಗೆ, ನಾಲಿಗೆಯಿಂದ ಟಕ್ ಟಕ್ ಎಂದ. ಅಂದಿನಿಂದ ದಿನವೂ ಸಂಜೆ ಹಾಡು ಒಪ್ಪಿಸುವವರ ಹಾಗೆ ಒಪ್ಪಿಸಿದ. ಪ್ರತಿ ಸಲವೂ ಬಿಕ್ಕು, ಬಿಕ್ಕು, ಎಳೆತ. ಪ್ರತಿ ಸಲವೂ ಕೊನೆಗೆ ತನಗೆ ತಾನೇ ಟಕ್ ಟಕ್. ಕನ್ನಡಿಯೊಳಗಿನವನು ಅತ್ತು ಸುಮ್ಮನಾಗುತ್ತಿದ್ದ. ಸಮಾಧಾನ ಮಾಡುವವರು ಯಾರೂ ಇಲ್ಲದ್ದರಿಂದ ಬೇಗ ಮುಗಿಯುತ್ತಿತ್ತು.

ಮಾತುಗಳನ್ನು ಅವನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬಾವಿಯ ಬಗ್ಗೆಯಂತೂ ಒಂಟಿ ಮನೆಯಲ್ಲೂ ತುಟಿ ಎರಡು ಮಾಡಲಿಲ್ಲ. ಗೋಡೆಯಾಚೆ ಜನರಿದ್ದಾರೆ. ಅಷ್ಟು ಎಚ್ಚರ ಅವನಿಗಿತ್ತು.

ಉಪಾಯದ ಕೊನೆಯ ತುಂಡನ್ನು ಕೊಟ್ಟವರು ಪಾಕ್ ಯಿತ್ನೊ ಅವರೇ. “ನಿಮ್ಮ ಕೈ ಮೆತ್ತಗಾಗೋದು ಯಾವುದರ ಹತ್ರ, ಮಾಸ್?” ಎಂದು ಒಂದು ದಿನ ಕೇಳಿದರು. ಹಕ್ಕಿ ಹತ್ರ ಅಂದ. “ಹಾಗಾದ್ರೆ ಒಂದು ದಿನ ತೋರ್ಸಿ ನೋಡೋಣ.”

ಅವನು ತನ್ನ ಅತ್ಯುತ್ತಮ ಮುರಾಯ್ ರಾಡೆನ್‌ನನ್ನು ತಂದ. ಗರಿ ಉದುರುವುದು ಮುಗಿದು ಹೊಸ ಬಾಲದ ತುದಿ ಆಗಷ್ಟೇ ಇಣುಕುತ್ತಿತ್ತು. ಧೂಳಿಲ್ಲದ ಜಾಗ ಬೇಕು, ನಮ್ಮ ಗಲ್ಲಿಯಲ್ಲಿ ಚರಂಡಿ ಅಗೆಯುತ್ತಿದ್ದಾರೆ, ಗರಿ ಬಲಿಯುವ ತನಕ ಇಲ್ಲೇ ಹಿಂದಿನ ಜಗುಲಿಯಲ್ಲಿ ತೂಗಿಸಲಾ ಎಂದು ಕೇಳಿದ. ದಿನಾ ಬಂದು ಮೇವು ಹಾಕಿಹೋಗುತ್ತೇನೆ ಅಂದ. ದಿನಾ ಬರಲು ನೆಪ ಸಿಕ್ಕಿತು. ದಿನಾ ಹೆಂಗಸರ ಕಣ್ಣಿಗೆ ಬಿದ್ದ. ಬಗ್ಗಿದ ತಲೆ, ತೊಳೆದ ಕೈ, ಇರುವೆ ಮೊಟ್ಟೆ ಹಾಕುವ ಹಗುರ ಬೆರಳು. ಇದೆಲ್ಲ ವೆನಿಂಗ್‌ಳ ಕಿವಿಗೆ ಹೋಗುತ್ತದೆ, ಹೋಗದೆ ಇರುತ್ತದೆಯೇ?

ಬು ಹಾರ್ನಿ ಮೊದಲ ದಿನ ಗೂಡಿನೊಳಗೆ ಇಣುಕಿ ನಕ್ಕಳು. “ಬಾಲಾನೇ ಇಲ್ವಲ್ಲ, ಮಾಸ್. ಇದೇನು ಹಕ್ಕಿನೋ ಕೋಳಿಮರಿನೋ?”

“ಬರುತ್ತೆ, ಬು. ಬಾಲ ಬಂದ ದಿನ ಹಾಡುತ್ತೆ.”

“ಹಾಡದಿದ್ರೆ ಸಾರು ಮಾಡ್ತೀನಿ ನೋಡಿ.”

ಅವನೂ ನಕ್ಕ. ಆ ಹಾಡನ್ನೂ ಅವನು ಲೆಕ್ಕ ಹಾಕಿಯೇ ಇಟ್ಟಿದ್ದ. ಗರಿ ಉದುರುವ ಕಾಲದಲ್ಲಿ ಗೂಡಿಗೆ ಬಟ್ಟೆ ಮುಚ್ಚಿ, ಜೀರುಂಡೆಯ ದನಿ, ಗಿಳಿಯ ಉದ್ದನೆ ಕೂಗು, ಎರಡನ್ನೂ ಫೋನಿನಲ್ಲಿ ಹಾಕಿ ಹಾಕಿ ಕೇಳಿಸಿದ್ದ. ಗರಿಯ ಉದ್ದ ನೋಡಿ, ಮುಖಾಮುಖಿಯ ಹೊತ್ತಿಗೆ ರಾಡೆನ್ ಬಾಯಿ ತೆರೆಯುತ್ತಾನೆ ಎಂದು ಅಂದಾಜು ಮಾಡಿದ್ದ. ವೆನಿಂಗ್ ಹನ್ನೊಂದು ವರ್ಷ ಆ ಮನೆಯ ಹಕ್ಕಿಗಳಿಗೆ ನೀರಿಟ್ಟವಳು, ಸಂಜೆ ಗೂಡಿಗೆ ಬಟ್ಟೆ ಮುಚ್ಚಿದವಳು. ಗಂಡನಿಗೆ ಸೋಲದಿದ್ದರೂ ಆ ದನಿಗೆ ಸೋಲುತ್ತಾಳೆ.

ಮುಖಾಮುಖಿಗೆ ಮುಂಚಿನ ಕೊನೆಯ ಸಲ ಪಾಕ್ ಯಿತ್ನೊ ಚಹಾ ಕುಡಿಯದೆ ಲೋಟವನ್ನೇ ತಿರುಗಿಸುತ್ತಿದ್ದರು.

“ವೆನಿಂಗ್ ನನ್ನ ಕೇಳಿದಾಳೆ, ಮಾಸ್. ‘ನೀವೇನಂತೀರಿ, ನಂಬಬಹುದಾ’ ಅಂತ. ನಾನು ಕಂಡಿದ್ದು ಹೇಳಿದೆ. ಆ ಬೆಳವದ ಹಕ್ಕಿ ದಿನ ಕಂಡಿದ್ದು.”

“ಉಪಕಾರ ಆಯ್ತು, ಪಾಕ್.”

“ಉಪಕಾರ ಅಲ್ಲ. ಒಂದು ಮಾತು ಹೇಳ್ತೀನಿ ಕೇಳಿ. ನನಗೆ ಮೋಸ ಮಾಡೋದು ಏನೂ ಕಷ್ಟ ಇಲ್ಲ. ನಂಬೋಕೇ ಅಂತ ಕೂತಿರೋ ಮುದುಕ ನಾನು. ಆದ್ರೆ ನನಗೆ ಮೋಸ ಮಾಡಿದ್ರೆ ಈ ಕೋಣೇಲಿ ನೀವೊಬ್ರೇ ಕೂತಿದ್ರಿ ಅಂತಾಗುತ್ತೆ. ಇಷ್ಟು ದಿನವೂ. ಅದು ಬೇಡ ಅಂತ ನನ್ನಾಸೆ.”

ವಾರ್ಸಿತೊ ತಲೆ ತಗ್ಗಿಸಿದ. ಇದಕ್ಕೆ ಯಾವ ಮುಖ ಮಾಡಬೇಕೆಂದು ಅವನು ಅಭ್ಯಾಸ ಮಾಡಿರಲಿಲ್ಲ. ಮುದುಕ ಕೈಮೇಲೆ ಬಂದು ಕೂತ, ಇನ್ನು ಹಾರುವುದಿಲ್ಲ ಎಂದುಕೊಂಡ. ಅಂದುಕೊಂಡಷ್ಟು ಸಂತೋಷವೇನೂ ಆಗಲಿಲ್ಲ. ಅಂದು ಸಂಜೆ ಕನ್ನಡಿಯ ಮುಂದೆ ಎಂದಿಗಿಂತ ಹೆಚ್ಚು ಹೊತ್ತು ಕೂತ.

ಮುಖಾಮುಖಿಯ ದಿನ ವೆನಿಂಗ್ ಬೆಳಿಗ್ಗೆಯೇ ಬಂದಿದ್ದಳು. ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ, ಪಕ್ಕದಲ್ಲಿ ಬು ಹಾರ್ನಿಯನ್ನು ಕೂರಿಸಿಕೊಂಡು ಕೂತಿದ್ದಳು. ಸ್ವಲ್ಪ ಮೈತುಂಬಿಕೊಂಡಿದ್ದಳು. ತನ್ನಿಂದ ದೂರವಿದ್ದು ಅವಳು ಮೈತುಂಬಿಕೊಂಡದ್ದು ಅವನಿಗೆ ಸಹಿಸಲಾಗಲಿಲ್ಲ. ಅದನ್ನು ಮುಖಕ್ಕೆ ಬರಗೊಡಲಿಲ್ಲ.

“ನಾನು ನಿನಗೆ ಹೊಡೆದೆ” ಎಂದು ಶುರುಮಾಡಿದ. “ಕೈ ಎದ್ದಿದ್ದಲ್ಲ. ನಾನು ಎತ್ತಿದ್ದು. ನಿನ್ನ ಅಮ್ಮನ ಮುಂದೆ ಸಾರಿನ ಪಾತ್ರೆ ಎಸೆದಿದ್ದೂ ನಾನೇ. ನನ್ನ ಗಾಡಿ ಸದ್ದಿಗೆ ಹೊಟ್ಟೆ ತೊಳಸುತ್ತೆ ಅಂತ ನೀನು ಅಂದೆ. ಅದು ನಂಗೆ ಬೈಗುಳ ಅನ್ಸಿತ್ತು. ಅದು ನಿನ್ನ ನೋವು ಅಂತ ಈಗ ಗೊತ್ತಾಯ್ತು.”

ಎಲ್ಲವೂ ಇಟ್ಟ ಜಾಗದಲ್ಲಿ ಬಂದು ಕೂತಿತು. ವೆನಿಂಗ್ ತಲೆಗೆ ಹೊದ್ದ ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಅವಳು ಮೆತ್ತಗಾಗುವಾಗ ಹಾಗೆ ಮಾಡುವುದು ಅವನಿಗೆ ಗೊತ್ತು.

“ಬಾವಿ ಕಟ್ಟೆ ಸರಿ ಮಾಡಿಸಿದ್ರಾ?” ಎಂದಳು.

ಆ ಪ್ರಶ್ನೆ ಅವನು ಎಣಿಸಿದ್ದಲ್ಲ. ಆದರೂ ದನಿ ಅಲುಗಲಿಲ್ಲ. “ಇನ್ನೂ ಇಲ್ಲ. ನೀನು ಬಂದು ಹೇಗೆ ಬೇಕು ಅಂತ ಹೇಳು, ಮಾಡಿಸ್ತೀನಿ.”

ಅವಳು ಬು ಹಾರ್ನಿಯ ಮುಖ ನೋಡಿದಳು, ಪಾಕ್ ಯಿತ್ನೊ ಅವರ ಮುಖ ನೋಡಿದಳು. ಇದೇ ಹೊತ್ತು ಎಂದು ವಾರ್ಸಿತೊನಿಗೆ ಗೊತ್ತಾಯಿತು. ಅಂಗೈಯಿಂದ ಮುಖ ಮುಚ್ಚಿಕೊಂಡ. ಬಿಕ್ಕು, ಬಿಕ್ಕು, ಉಸಿರು ಸಿಕ್ಕಿಕೊಂಡು ತೆಳ್ಳನೆಯ ಎಳೆತ. ಎಂದೂ ಬಂದಿರದಷ್ಟು ಚೆನ್ನಾಗಿ ಬಂತು. ಬೆರಳ ಸಂದಿಯಿಂದ ಕಂಡಿತು, ಪಾಕ್ ಯಿತ್ನೊ ಕನ್ನಡಕ ತೆಗೆದಿದ್ದರು. ಬು ಹಾರ್ನಿಯಂಥ ಬು ಹಾರ್ನಿ ಮೂಗೊರೆಸಿಕೊಂಡಳು.

“ಭಾನುವಾರ ಬರ್ತೀನಿ” ಎಂದಳು ವೆನಿಂಗ್, ಮೆಲ್ಲಗೆ. “ಬು ಹಾರ್ನಿ ಬಿಟ್ಟು ಹೋಗ್ತಾರೆ.”

ಅಷ್ಟರಲ್ಲಿ, ಜಗುಲಿಯಿಂದ, ಜೀರುಂಡೆಯೊಂದು ಕೂಗಿದ ಹಾಗಾಯಿತು.

ವೆನಿಂಗ್‌ಳ ಮುಖ ಅರಳಿತು. “ರಾಡೆನ್ ಅಲ್ವಾ ಅದು?”

“ಹೂಂ. ಬಾಲ ಬಂತು” ಎಂದ ವಾರ್ಸಿತೊ. ಅಂದಾಜು ಒಂದು ದಿನವೂ ಆಚೀಚೆಯಾಗಿರಲಿಲ್ಲ. ಹಕ್ಕಿ ಜೀರುಂಡೆ ಮುಗಿಸಿ ಗಿಳಿಯ ಕೂಗು ಹಿಡಿಯಿತು. ಉದ್ದಕ್ಕೆ, ಬಳುಕಿಸಿ, ಪಂದ್ಯದ ತೀರ್ಪುಗಾರರು ತಲೆದೂಗುವ ಹಾಗೆ. ಆಮೇಲೆ ಒಂದು ಗಳಿಗೆ ಬಿಟ್ಟು ಬಿಕ್ಕಿತು. ಮತ್ತೆ ಬಿಕ್ಕಿತು. ಉಸಿರು ಸಿಕ್ಕಿಸಿಕೊಂಡು ತೆಳ್ಳಗೆ ಎಳೆಯಿತು. ಈಗಷ್ಟೇ ಈ ಕೋಣೆಯಲ್ಲಿ ಕೇಳಿದ್ದಕ್ಕೆ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಕೊನೆಗೆ, ಟಕ್ ಟಕ್.

ಬು ಹಾರ್ನಿ ಮೊದಲು ನಕ್ಕಳು. “ನೋಡಿ, ಪಾಪ, ನಿಮ್ಮನ್ನೇ ಅಣಕಿಸ್ತಿದೆ.”

“ಇಲ್ಲ, ಬು” ಎಂದಳು ವೆನಿಂಗ್. ಅವಳ ದನಿ ಮತ್ತೆ ಆ ಚಾಪೆಯ ದಿನದ ದನಿಯಾಗಿತ್ತು, ಮೆತ್ತಗೆ, ನೇರಕ್ಕೆ. “ಮುರಾಯ್ ಒಂದು ಸಲ ಕೇಳಿ ಅಣಕಿಸಲ್ಲ.” ಆಮೇಲೆ ಅವನ ಕಡೆ ತಿರುಗಿದಳು. “ಎಷ್ಟು ದಿನ ಕೇಳಿಸಿದ್ರಿ ಅದಕ್ಕೆ?”

ವಾರ್ಸಿತೊ ಪಾಕ್ ಯಿತ್ನೊ ಕಡೆ ನೋಡಿದ. ಆ ಕೋಣೆಯಲ್ಲಿ ಅವನಿಗೆ ನೋಡಲು ಇದ್ದದ್ದು ಅವರೊಬ್ಬರೇ.

“ಮೊದಲನೇದು ನಿಜ, ಪಾಕ್” ಎಂದ. “ಆ ಬೆಳವದ ಹಕ್ಕೀದು. ಅದು ನಿಜ.”

“ಇರಬಹುದು, ಮಾಸ್” ಎಂದರು ಪಾಕ್ ಯಿತ್ನೊ. ಈ ಸಲ ಅವರು ಮುಂದೆ ಬಾಗಲಿಲ್ಲ.

ವೆನಿಂಗ್ ಎದ್ದು ಜಗುಲಿಗೆ ಹೋದಳು. ಆಗ ವಾರ್ಸಿತೊನಿಗೆ ತನ್ನ ಮನೆಯ ಒಳಕೋಣೆ ಕಣ್ಣಿಗೆ ಕಟ್ಟಿತು. ಅಲ್ಲಿನ ಕನ್ನಡಿ, ಕನ್ನಡಿಯ ಮುಂದೆ ಬಿಕ್ಕುತ್ತ ಕೂತ ತಾನು, ಮತ್ತು ಮನೆಯಲ್ಲೆಲ್ಲ ಗದ್ದಲ ಕಡಿಮೆ ಇರುವ ಜಾಗ ಇದೇ ಎಂದು ಗರಿ ಉದುರುವ ಕಾಲದುದ್ದಕ್ಕೂ ರಾಡೆನ್‌ನ ಗೂಡನ್ನು ಬಟ್ಟೆ ಮುಚ್ಚಿ ತೂಗಿಸಿದ್ದ ಮೊಳೆ, ಅದೇ ಕನ್ನಡಿಯ ಮೇಲೆ, ಅವನ ತಲೆಗಿಂತ ಒಂದು ಗೇಣು ಎತ್ತರದಲ್ಲಿ. ಹೊರಗೆ ಹಕ್ಕಿ ಮತ್ತೆ ಮೊದಲಿನಿಂದ ಬಿಕ್ಕತೊಡಗಿತು. ಹನ್ನೊಂದು ವರ್ಷ ಮಾಡಿದ ಹಾಗೇ ವೆನಿಂಗ್ ಗೂಡಿನ ಬಟ್ಟೆಯನ್ನು ನಾಲ್ಕೂ ಕಡೆ ಇಳಿಬಿಟ್ಟು, ಬುಡದಲ್ಲಿ ದಾರ ಎಳೆದು ಗಂಟು ಹಾಕಿದಳು. ಮುಂಬಾಗಿಲಿನ ಕಡೆ ಅವಳ ಚಪ್ಪಲಿಯ ಸದ್ದು ದೂರವಾಯಿತು. ಬಟ್ಟೆಯೊಳಗಿನ ಕತ್ತಲಲ್ಲಿ ರಾಡೆನ್ ಅರ್ಧಕ್ಕೆ ನಿಂತದ್ದನ್ನು ಮುಗಿಸಿತು, ತನಗೆ ತಾನೇ ಟಕ್ ಟಕ್ ಎಂದು.